ಸೀನಬ್ಯಾಡ

ಬ್ಯಾಡಗಿ ಪ್ಯಾಟ್ಯಾಗ ಸೋಮವಾರ, ಗುರುವಾರ
ಗಾಳಿಗೂ ಒಂದು ಬಣ್ಣ ಇರತೈತಿ.
ಕಡೇಮನಿಯವರ ಅಡತಿ ಅಂಗಡ್ಯಾಗ
ಲಾಟ್ ನಂಬರ ಬರಿಯಾಕಿ ನಾನು:
ಇದು ಡಬ್ಬಿ, ಇದು ಕಡ್ಡಿ, ಇದು ಗುಂಟೂರು,
ರಾಶಿಗೊಂದು ಚೀಟಿ, ಚೀಟಿಗೊಂದು ಧಾರಣಿ.

ರಾತ್ರಿ ಮಾತ್ರ ಬ್ಯಾರೆ ಲೆಕ್ಕ.
ಎರಡು ವರ್ಷ, ಅಟ್ಟದ ಮ್ಯಾಲ, ಒಂದು ಹಳೇ ಲ್ಯಾಪ್‌ಟಾಪ,
'ಎಫ್' ಗುಂಡಿ ಕಿತ್ತು ಹೋದದ್ದು,
ಅದರಾಗ ಆಟ ಕಟ್ಟೀನಿ. ಹೆಸರು 'ಸೀನಬ್ಯಾಡ'.
ಒಬ್ಬಾಕಿ ಹುಡುಗಿ, ಕೈಯಾಗ ಚಹಾದ ಕೆಟ್ಲಿ,
ಈ ತುದಿಯಿಂದ ಆ ತುದಿಗೆ ಪ್ರಾಂಗಣ ದಾಟಬೇಕು.
ಸೀನಿದರ ಮುಗೀತು:
ತೂಕಕ್ಕಿಟ್ಟ ರಾಶಿ ಹಾರಿ, ದಲಾಲರ ಟೋಪಿ ಹಾರಿ,
ಮತ್ತ ಮೊದಲಿನಿಂದ.
ಹಿನ್ನೆಲಿಗೆ ಖತೀಜಾ ನದಾಫ ನುಡಿಸಿದ್ದು
ತಕ್ಕಡಿ ಸರಪಳಿ, ಒಂದು ಹರದ ಹಾರ್ಮೋನಿಯಂ.

ಆ್ಯಪ್ ಸ್ಟೋರಿಗೆ ಹಾಕೂವಾಗ ಕೇಳಿತು: ವರ್ಗ ಯಾವುದು?
ಪಟ್ಟಿ ಇಳೀತು. ಸಾಹಸ, ಒಗಟು, ಓಟ, ಇಸ್ಪೀಟು.
ಸೀನು ತಡಕೊಳ್ಳೂದು ಯಾವುದರಾಗ ಬರತೈತಿ?
ಸಾಹಸ ಅಂತ ಒತ್ತಿದೆ. ಸುಳ್ಳಲ್ಲ.
ಮರುದಿನ ಹುಡುಕಿದರ ಕಾಣವಲ್ತು.
ಬೆರಳು ನೋಯೂತನಕ ಕೆಳಗ ಎಳದೆ:
ಕತ್ತಿ, ಬಂದೂಕು, ಮಿಠಾಯಿ, ಮತ್ತೊಂದು ಮಿಠಾಯಿ,
ನೂರಾರು ಮಂದಿ ಪಗಾರ ತಗೊಂಡು ಮಾಡಿದ್ದು,
ಅದರ ಕೆಳಗ ಎಲ್ಲೋ ನನ್ನ ಹುಡುಗಿ
ಕೆಟ್ಲಿ ಹಿಡಕೊಂಡು ನಿಂತಾಳ.
ನಲವತ್ತೊಂದು ಫೋನಿಗೆ ಇಳದೈತಿ.
ಅದರಾಗ ಆರು ನಮ್ಮ ಮನೀವ.

ಖತೀಜಾ ಸಿಟ್ಟಿಲೆ ಅಂದಳು:
'ಒಬ್ಬಿಬ್ಬರು ಕೂಡಿ ಮಾಡಿದ ಆಟಕ್ಕ ಬ್ಯಾರೆ ಕಟ್ಟಿ ಬೇಕವಾ.
ಬಂದಾವರು ಒಮ್ಮೆ ಹೊಳ್ಳಿ ನೋಡಲಿ,
ಆಮ್ಯಾಲ ಬೇಕಾದರ ಬಿಟ್ಟು ಹೋಗಲಿ.'
ನಾ ಹೂಂ ಅಂದೆ. ರಾತ್ರಿ ನಿದ್ದಿ ಬರಲಿಲ್ಲ.

ಯಾಕಂದರ ರಾಶಿ ಬ್ಯಾರೆ ಮಾಡೂದು ನನಗ ಗೊತ್ತು.
ಬ್ಯಾರೆ ಇಟ್ಟಿದ್ದಕ್ಕೆಲ್ಲ ಮರ್ಯಾದಿ ಬರೂದಿಲ್ಲ;
ಬಿಳಿಚಿದ ಕಾಯೂ ಬ್ಯಾರೇನ ಇರತಾವ, ಮೂಲ್ಯಾಗ,
ಟೆಂಡರ್ ಬರಿಯಾವರು ಆ ಕಡೆ ಹಾಯೂದಿಲ್ಲ.
ಇನ್ನ, ಕಟ್ಟಿಗೆ ಹೆಸರು ಬಂತಂದರ ಸಾಕು,
ಗುಂಟೂರಕ್ಕ ಎಣ್ಣಿ ಸವರಿ
ಬ್ಯಾಡಗಿ ಚೀಲದಾಗ ತುಂಬಾವರು ಇದ್ದೇ ಇದ್ದಾರ.
ನೂರು ಮಂದಿ ಕಂಪನಿ ನಾಳೆ ಬಂದು
'ನಾವೂ ಇಬ್ಬರೇ' ಅಂತ ಕುಂತರ
ಚೀಟಿ ಬರಿಯಾವರು ಯಾರು? ಮುರದು ನೋಡಿ, ಮೂಸಿ,
ಒಳಗಿನ ಬೀಜ ಎಣಸಿ?

ತೊಟ್ಟು ಮುರಿಯೂ ಸಾಲಿನಾಗ ಸಣ್ಣಫಕೀರವ್ವಗ ಕೇಳಿದೆ.
ಆಕಿ ಕೈ ನಿಲ್ಲಲಿಲ್ಲ.
'ಒಂದ ಚೀಲ ತಂದಾವನ್ನ ನೂರು ಚೀಲದಾವರ ನಡುವ ಇಟ್ಟರ
ಅವನ ಚೀಲ ಕಾಲೊರಸಾಗತೈತಿ.
ಬ್ಯಾರೆ ಇಡು. ಆದರ ಬಾಗಿಲಬಲ್ಲೆ ಇಡು.
ಹಿತ್ತಲಾಗ ಇಟ್ಟು, ಬ್ಯಾರೆ ಇಟ್ಟೀನಿ ಅನ್ನಬ್ಯಾಡ.'
ಆಮ್ಯಾಲ: 'ಎಲ್ಲಿ, ತೋರಸು.'

ಫೋನ್ ಕೊಟ್ಟೆ.
ನಲವತ್ತು ಸುಗ್ಗಿ ಖಾರ ತಿಂದ ಬೆರಳು,
ಗಾಜಿಗೆ ಗುರುತು ಸಿಗಲಿಲ್ಲ.
ಒತ್ತಿದಳು, ಸೆರಗಿಗೆ ಒರಸಿದಳು, ಮತ್ತ ಒತ್ತಿದಳು.
ಹುಡುಗಿ ನಿಂತಲ್ಲೇ ನಿಂತಿದ್ದಳು.
ಕಡೀಕ ಬೆರಳು ಮಡಚಿ ಗೆಣ್ಣಿನಿಂದ ತಟ್ಟಿದಳು,
ಬಾಗಿಲ ತಟ್ಟಿದಂಗ.
ಒಂದು ಹೆಜ್ಜಿ. ಇನ್ನೊಂದು.
ಮೂರನೇ ರಾಶಿ ದಾಟೂವಾಗ
ನಾ ಸೀನಿದೆ.
ಆಟದಾಗಲ್ಲ. ಖರೇನ, ಪ್ರಾಂಗಣದಾಗ.
ಸಾಲಿಗೆ ಸಾಲೇ ನಕ್ಕಿತು.
'ನೀ ಸೋತಿ' ಅಂದಳು ಫಕೀರವ್ವ, ತಲಿ ಎತ್ತದ.

ಆ ರಾತ್ರಿ ವರ್ಗದ ಪಟ್ಟಿ ತಗೀಲಿಲ್ಲ.
ಗುಂಡಿ ದೊಡ್ಡದು ಮಾಡಿದೆ,
ಗೆಣ್ಣಿಗೆ ಸಿಗೂವಷ್ಟು.